ಒಂದನೇ ಪೆಟ್ಟು ಬಿಟ್ಟವರು

ಸ್ಟೇಜಿನ ಎಡಮೂಲೆಯಲ್ಲಿ ನಿಂತಿದ್ದ ಗಿಟಾರಿನವರ ಮೇಲೆ ಯಾರ ಕಣ್ಣೂ ಇರಲಿಲ್ಲ. ಐವತ್ತು ದಾಟಿದ ಮನುಷ್ಯ, ತಲೆಗೆ ಸಣ್ಣ ಅಂಚಿನ ಹ್ಯಾಟು. ಲೈಟು ಕೂಡ ಅವರ ಕಡೆ ಅರ್ಧಂಬರ್ಧ ಬೀಳುತ್ತಿತ್ತು. ಮುಂದೆ ಹಾಡುಗಾರ್ತಿ, ಪಕ್ಕದಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್, ಟ್ರೊಂಬೋನ್ ಊದುವ ಮೂವರೂ ಸಾಲಾಗಿ. ಜನ ನೋಡುತ್ತಿದ್ದುದು ಅವರನ್ನೇ. ನಾನು ಮಾತ್ರ ಎಷ್ಟೋ ಹೊತ್ತು ಆ ಗಿಟಾರಿನವರ ಕೈ ನೋಡುತ್ತಾ ನಿಂತಿದ್ದೆ. ಬಲಗೈಯಿಂದ ಒಂದು ಸಣ್ಣ ಹೊಡೆತ. ಹೊಡೆದ ಕೂಡಲೇ ಎಡಗೈ ಬೆರಳು ಸಡಿಲ ಮಾಡಿ ತಂತಿಯ ಸದ್ದು ಅಡಗಿಸುವುದು. ಚಕ್. ಮತ್ತೆ ಚಕ್. ರಾತ್ರಿಯಿಡೀ ಅಷ್ಟೇ. ಒಂದು ಸೋಲೊ ಇಲ್ಲ, ಮುಂದೆ ಬಂದು ನಿಲ್ಲುವುದಿಲ್ಲ.

ಒಂದು ಸಲ ಮಾತ್ರ ಅವರು ಕೈ ನಿಲ್ಲಿಸಿದರು, ತಂತಿ ಶ್ರುತಿ ಸರಿ ಮಾಡಿಕೊಳ್ಳೋಕೆ. ಹಾಡು ನಡೆದೇ ಇತ್ತು. ಡ್ರಮ್ಸ್ ಇತ್ತು, ಬೇಸ್ ಇತ್ತು, ಹಾಡುಗಾರ್ತಿಯ ದನಿ ಇತ್ತು. ಆದರೆ ಆ ಸ್ವಲ್ಪ ಹೊತ್ತು ಇಡೀ ಹಾಲಿನ ಕುಣಿತ ತಡವರಿಸಿತು. ಅವರು ಮತ್ತೆ ಚಕ್ ಅಂದರು, ಜನರ ಮಂಡಿ ಮತ್ತೆ ಮಡಚಿಕೊಂಡಿತು.

ಇದು ಕವೆಂಟ್ರಿಯಲ್ಲಿ, ಒಂದು ಪಬ್ಬಿನ ಹಿಂದಿನ ಹಾಲಿನಲ್ಲಿ ನಡೆದ ರಾತ್ರಿ. ಮೊದಲರ್ಧ ಸ್ಕಾ, ಎರಡನೇ ಅರ್ಧ ರೆಗ್ಗೆ ಅಂತ ಬಾಗಿಲಲ್ಲೇ ಬರೆದು ಹಾಕಿದ್ದರು. ಎರಡೂ ಜಮೈಕಾದಲ್ಲಿ ಹುಟ್ಟಿದ ಕುಣಿತದ ಸಂಗೀತ. ಬ್ಯಾಂಡಿನವರು ಇದೇ ಸುತ್ತಮುತ್ತಲಿನವರು, ಹಗಲು ಬೇರೆ ಬೇರೆ ಕೆಲಸ ಮಾಡುವವರು. ಇಂಗ್ಲೆಂಡಿನ ನಡುಭಾಗದ ಈ ಊರಿಗೆ ನಮ್ಮ ಕಡೆಯ ಇಂಜಿನಿಯರುಗಳು ಬರುವುದು ಕಾರು ಕಂಪನಿಗಳ ಕೆಲಸಕ್ಕೆ. ನಾನೂ ಹಾಗೇ ಬಂದವನು. ಬಂದ ಮೇಲೆ ಗೊತ್ತಾಗಿದ್ದು, ಈ ಊರು ಕಾರಿಗೆ ಎಷ್ಟು ಹೆಸರುವಾಸಿಯೋ ಈ ಸಂಗೀತಕ್ಕೂ ಅಷ್ಟೇ ಹೆಸರುವಾಸಿ ಅಂತ.

ಜೊತೆಗೆ ಬಂದಿದ್ದ ಗೆಳೆಯ ಧಾರವಾಡದವನು. ಚಿಕ್ಕಂದಿನಿಂದ ತಬಲಾ ಕಲಿತವನು. ಯಾವ ಸಂಗೀತ ಕೇಳಿದರೂ ಅವನ ಕೈ ತಾನಾಗಿ ತೊಡೆಯ ಮೇಲೆ ಹೋಗುತ್ತದೆ. ಮೊದಲರ್ಧದಲ್ಲಿ ಸ್ಕಾ ಹಾಡುಗಳಿಗೆ ಹೇಗೋ ಹೊಂದಿಕೊಂಡ. ಎರಡನೇ ಅರ್ಧದಲ್ಲಿ ಬ್ಯಾಂಡ್ ನಿಧಾನವಾಗಿ ರೆಗ್ಗೆಗೆ ಇಳಿಯಿತು. ಎರಡು ಹಾಡು ಆಗುವಷ್ಟರಲ್ಲಿ ನನ್ನ ಕಿವಿ ಹತ್ತಿರ ಬಂದು ಕೂಗಿದ.

"ಲೇ, ಇದರಾಗ ಸಮ್ ಎಲ್ಲೈತಿ?"

ಸಮ್ ಅಂದರೆ ತಬಲಾದವರ ಮಾತಲ್ಲಿ ತಾಳದ ಮೊದಲ ಪೆಟ್ಟು. ನಾನು ಡ್ರಮ್ಮರ್ ಕಾಲಿನ ಕಡೆ ಕೈ ತೋರಿಸಿದೆ. ಅವನು ಕತ್ತು ಉದ್ದ ಮಾಡಿ ನೋಡಿದ. ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಸಮ್ ಬಿಟ್ಟಾನಲ್ಲೋ ಇಂವ!"

ಹೌದು, ಬಿಟ್ಟಿದ್ದ. ರೆಗ್ಗೆಯಲ್ಲಿ ವನ್ ಡ್ರಾಪ್ ಅಂತ ಒಂದು ಡ್ರಮ್ ನಡೆ ಇದೆ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿಕೊಳ್ಳಿ. ರಾಕ್ ಸಂಗೀತದಲ್ಲಾಗಲಿ ಡಿಸ್ಕೊದಲ್ಲಾಗಲಿ ಒಂದಕ್ಕೆ, ಕಾಲಿನಿಂದ ಬಾರಿಸುವ ಬೇಸ್ ಡ್ರಮ್ಮಿನ ಧಡ್ ಇದ್ದೇ ಇರುತ್ತದೆ. ವನ್ ಡ್ರಾಪ್‌ನಲ್ಲಿ ಒಂದಕ್ಕೆ ಏನೂ ಇಲ್ಲ. ಮೂರಕ್ಕೆ ಬೇಸ್ ಡ್ರಮ್ಮೂ ಸ್ನೇರ್ ಡ್ರಮ್ಮಿನ ಅಂಚಿನ ಟಕ್ಕೂ ಒಟ್ಟಿಗೆ ಬೀಳುತ್ತವೆ. ಗಿಟಾರಿನ ಚಕ್ ಬೀಳುವುದು ಎರಡಕ್ಕೆ, ನಾಲ್ಕಕ್ಕೆ. ಎಲ್ಲರೂ ಬಂದು ಸೇರಬೇಕಾದ ಜಾಗವೇ ಖಾಲಿ. ಬೇಸ್ ಗಿಟಾರಿನವರೂ ಎಷ್ಟೋ ಸಲ ಅಲ್ಲಿಗೆ ಕಾಲಿಡುವುದಿಲ್ಲ. ರೆಗ್ಗೆ ಹಾಡುಗಾರ ಬಾಬ್ ಮಾರ್ಲಿಯ ವೇಯ್ಲರ್ಸ್ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುತ್ತಿದ್ದ ಕಾರ್ಲ್ಟನ್ ಬ್ಯಾರೆಟ್ ಈ ನಡೆಯನ್ನು ಲೋಕಕ್ಕೆಲ್ಲ ಕೇಳಿಸಿದರು. ಅಣ್ಣ ಆಸ್ಟನ್ ಬ್ಯಾರೆಟ್ ಅದೇ ಬ್ಯಾಂಡಿನಲ್ಲಿ ಬೇಸ್. ಅಣ್ಣ ತಮ್ಮ ಇಬ್ಬರೂ ಸೇರಿ ಯಾವ ಜಾಗ ಬಿಡಬೇಕು ಅನ್ನುವುದನ್ನು ಅಷ್ಟು ಚೆನ್ನಾಗಿ ಅರಿತಿದ್ದರು.

ಕರ್ನಾಟಕ ಸಂಗೀತ ಕೇಳಿದವರಿಗೆ ಇದು ತೀರಾ ಹೊಸದೇನಲ್ಲ. ತಾಳದ ಮೊದಲ ಪೆಟ್ಟು ಹಾಕಿ, ಅರ್ಧ ಅಕ್ಷರ ಬಿಟ್ಟು ಹಾಡು ಎತ್ತಿಕೊಳ್ಳುವುದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅನಾಗತ ಎಡುಪು ಅನ್ನುತ್ತಾರೆ. ಆದರೆ ಅಲ್ಲಿ ಹಾಡುವವರು ಬಿಟ್ಟರೂ ತಾಳದ ಕೈ ಬಿಡುವುದಿಲ್ಲ. ತೊಡೆಯ ಮೇಲೆ ಪೆಟ್ಟು ಬಿದ್ದೇ ಬೀಳುತ್ತದೆ. ಇಲ್ಲಿ ತಾಳ ಹಾಕುವವನೇ ಕೈ ಎತ್ತಿಬಿಡುತ್ತಾನೆ. ಆಗ ಅದನ್ನು ತುಂಬುವವರು ಯಾರು? ಕುಣಿಯುವವರು. ಆ ಖಾಲಿ ಜಾಗದಲ್ಲಿ ಜನರ ಮೈ ಕೆಳಗಿಳಿಯುತ್ತದೆ, ಮೂರಕ್ಕೆ ಮೇಲೇಳುತ್ತದೆ. ಹೆಡ್‌ಫೋನಿನಲ್ಲಿ ಕೇಳುವಾಗ ಇದು ಅರ್ಥವೇ ಆಗಿರಲಿಲ್ಲ. ನೂರಾರು ಜನರ ನಡುವೆ ನಿಂತಾಗ ಕಣ್ಣಿಗೇ ಕಂಡಿತು. ಒಂದನೇ ಪೆಟ್ಟನ್ನು ಬ್ಯಾಂಡ್ ಜನರಿಗೆ ಬಿಟ್ಟುಕೊಟ್ಟಿದೆ. ನನ್ನ ಮಟ್ಟಿಗೆ ಈ ಸಂಗೀತದ ಜೀವ ಇರುವುದೇ ಇಲ್ಲಿ. ಅದನ್ನು ಜನರಿಂದ ಬೇರೆ ಮಾಡಿ ಕೇಳೋಕೆ ಆಗುವುದಿಲ್ಲ, ಯಾಕೆಂದರೆ ಅದು ಹುಟ್ಟಿದ್ದೇ ಕುಣಿಯುವ ಅಂಗಳಗಳಲ್ಲಿ.

ಆ ಅಂಗಳಗಳು ಇದ್ದದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. 1950ರ ದಶಕ. ಬ್ಯಾಂಡ್ ಕರೆಸಿ ಕುಣಿಯುವಷ್ಟು ದುಡ್ಡು ಬಡವರ ಕೇರಿಗಳಲ್ಲಿ ಎಲ್ಲಿಂದ ಬರಬೇಕು? ಒಂದು ಟರ್ನ್‌ಟೇಬಲ್, ಒಂದು ಆಂಪ್ಲಿಫೈಯರ್, ಬೀರುವಿನಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆಗಳು. ಇದನ್ನೇ ಸೌಂಡ್ ಸಿಸ್ಟಮ್ ಅಂದರು. ಬ್ರಿಟನ್ನಿನ ವಾಯುಪಡೆಯಲ್ಲಿದ್ದು ಬಂದ ಹೆಡ್ಲಿ ಜೋನ್ಸ್ ಅನ್ನುವ ರೇಡಿಯೊ ಮೆಕ್ಯಾನಿಕ್ ಇಂಥ ಆಂಪ್ಲಿಫೈಯರುಗಳನ್ನು ಕೈಯಾರೆ ಕಟ್ಟಿಕೊಡುತ್ತಿದ್ದರು. ತಗ್ಗಿನ ಸ್ವರ, ಅಂದರೆ ಬೇಸ್, ಎದೆಗೆ ಬಂದು ತಾಕುವ ಹಾಗೆ. ಹೆಂಡದಂಗಡಿ ಇಟ್ಟುಕೊಂಡಿದ್ದ ಮಾಜಿ ಪೊಲೀಸ್ ಡ್ಯೂಕ್ ರೀಡ್ ಒಂದು ಸೌಂಡ್ ಸಿಸ್ಟಮ್ ನಡೆಸುತ್ತಿದ್ದರು. ಕಾಕ್ಸನ್ ಡಾಡ್ ಇನ್ನೊಂದು. ಆಮೇಲೆ ಪ್ರಿನ್ಸ್ ಬಸ್ಟರ್ ಮತ್ತೊಂದು. ಮೂವರ ನಡುವೆ ಭಾರೀ ಪೈಪೋಟಿ. ಅಮೆರಿಕದಿಂದ ಒಂದು ಒಳ್ಳೆ ರಿದಮ್ ಅಂಡ್ ಬ್ಲೂಸ್ ರೆಕಾರ್ಡ್ ತಂದರೆ, ಎದುರಾಳಿಗೆ ಹೆಸರು ಗೊತ್ತಾಗಬಾರದು ಅಂತ ಅದರ ಲೇಬಲ್ ಕೆರೆದು ಹಾಕುತ್ತಿದ್ದರು.

50ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಜನರ ರುಚಿ ರಾಕ್ ಅಂಡ್ ರೋಲ್ ಕಡೆ ತಿರುಗಿತ್ತು. ಕಿಂಗ್‌ಸ್ಟನ್ನಿನವರಿಗೆ ಬೇಕಾದಂಥ ರೆಕಾರ್ಡುಗಳು ಅಲ್ಲಿಂದ ಬರುವುದು ಕಡಿಮೆಯಾಯಿತು. ಸರಿ, ನಾವೇ ಮಾಡಿಕೊಳ್ಳೋಣ ಅಂದರು. ಹೋಟೆಲುಗಳಲ್ಲಿ ಪ್ರವಾಸಿಗರಿಗೆ ಜಾಸ್ ನುಡಿಸುತ್ತಿದ್ದವರನ್ನು ಸ್ಟುಡಿಯೊಗೆ ಕರೆದರು. ಅವರು ಅಮೆರಿಕದ ತಾಳವನ್ನೇ ಎತ್ತಿಕೊಂಡರು. ಆದರೆ ಪೆಟ್ಟುಗಳ ನಡುವೆ ಬೀಳುವ ಸಣ್ಣ ಹೊಡೆತಕ್ಕೆ, ಅಂದರೆ ಆ ಚಕ್‌ಗೆ, ಒತ್ತು ಜಾಸ್ತಿ ಕೊಟ್ಟರು. ಪಿಯಾನೊ, ಗಿಟಾರ್ ಎರಡೂ ಅಲ್ಲೇ ಬಿದ್ದವು. ಸ್ಕಾ ಹುಟ್ಟಿತು. 1962ರ ಆಗಸ್ಟ್ 6ಕ್ಕೆ ಜಮೈಕಾ ಸ್ವತಂತ್ರವಾದಾಗ ಬೀದಿಯಲ್ಲಿ ಕೇಳುತ್ತಿದ್ದುದು ಇದೇ. ಹೊಸ ದೇಶಕ್ಕೆ ತನ್ನದೇ ಆದ ಕುಣಿತ ಸಿಕ್ಕಿತ್ತು.

ನುಡಿಸಿದವರು ಯಾರು ಅಂತ ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಒಂದೇ ವಿಳಾಸಕ್ಕೆ ಬರುತ್ತೇವೆ. ಆಲ್ಫಾ ಬಾಯ್ಸ್ ಸ್ಕೂಲ್. ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ, ಅನಾಥ ಮತ್ತು ಬಡ ಹುಡುಗರ ಶಾಲೆ. ಅಲ್ಲಿ ಮರಗೆಲಸ, ಹೊಲಿಗೆ, ತೋಟಗಾರಿಕೆ ಕಲಿಸುವ ಹಾಗೆ ಬ್ಯಾಂಡ್ ವಾದ್ಯಗಳನ್ನೂ ಕಲಿಸುತ್ತಿದ್ದರು. ಶಿಸ್ತು ಕಟ್ಟುನಿಟ್ಟು. ಸಿಸ್ಟರ್ ಮೇರಿ ಇಗ್ನೇಷಿಯಸ್ ಡೇವಿಸ್ ಅನ್ನುವವರು 1939ರಿಂದ 2003ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅವರ ಹತ್ತಿರ ರೆಕಾರ್ಡುಗಳ ದೊಡ್ಡ ರಾಶಿಯೇ ಇತ್ತು. ತಾವೇ ಹಾಕಿ ಹುಡುಗರಿಗೆ ಕೇಳಿಸುತ್ತಿದ್ದರು. ಟ್ರಂಪೆಟ್ ನುಡಿಸುತ್ತಿದ್ದ ಜಾನಿ ಮೂರ್ ಅವರದು ಒಂದು ಕತೆ ಇದೆ. ಮನೆಯವರು ಸಂಗೀತ ಬೇಡ ಅಂದರು. ತುಂಟ ಹುಡುಗರನ್ನು ಆಲ್ಫಾಗೆ ಹಾಕುತ್ತಾರೆ ಅಂತ ಗೊತ್ತಿತ್ತು. ಬೇಕಂತಲೇ ತುಂಟಾಟ ಮಾಡಿ ಅಲ್ಲಿಗೆ ಸೇರಿಕೊಂಡರಂತೆ. ಸಂಗೀತದ ಆಸೆಗೆ ಮನೆ ಬಿಟ್ಟು ಗುರುಗಳ ಬಾಗಿಲಿಗೆ ಹೋದವರ ಕತೆಗಳು ನಮ್ಮಲ್ಲೂ ಬೇಕಾದಷ್ಟಿವೆ. ಇದನ್ನು ಓದಿದಾಗ ಆ ಹುಡುಗನ ಮೇಲೆ ತುಂಬಾ ಪ್ರೀತಿ ಬಂತು.

1964ರಲ್ಲಿ ಸ್ಟುಡಿಯೊದ ಈ ಕಲಾವಿದರೇ ಸೇರಿ ಸ್ಕಾಟಲೈಟ್ಸ್ ಅಂತ ಬ್ಯಾಂಡ್ ಕಟ್ಟಿದರು. ಟಾಮಿ ಮೆಕುಕ್, ರೋಲಂಡ್ ಅಲ್ಫಾನ್ಸೊ, ಲೆಸ್ಟರ್ ಸ್ಟರ್ಲಿಂಗ್ ಸ್ಯಾಕ್ಸೊಫೋನ್. ಡಾನ್ ಡ್ರಮಂಡ್ ಟ್ರೊಂಬೋನ್. ಲಾಯ್ಡ್ ನಿಬ್ ಡ್ರಮ್ಸ್. ಲಾಯ್ಡ್ ಬ್ರೆವೆಟ್ ಬೇಸ್. ಜಾಕಿ ಮಿಟ್ಟೂ ಪಿಯಾನೊ. 1965ಕ್ಕೆ ಬ್ಯಾಂಡ್ ಮುರಿದೇ ಹೋಯಿತು. ಅಷ್ಟು ಕಡಿಮೆ ಕಾಲದಲ್ಲಿ ಅವರು ನುಡಿಸಿಟ್ಟಿದ್ದನ್ನು ಇವತ್ತಿಗೂ ಸ್ಕಾ ನುಡಿಸುವ ಪ್ರತಿಯೊಂದು ಬ್ಯಾಂಡೂ ಪಾಠದ ಹಾಗೆ ಕಲಿಯುತ್ತದೆ. ಕವೆಂಟ್ರಿಯ ಆ ಹಾಲಿನಲ್ಲೂ ಮೊದಲ ಅರ್ಧದ ತುಂಬಾ ಅವರ ರಾಗಗಳೇ. ಹಾಡೇ ಇಲ್ಲದೆ, ಬರೀ ಊದುವ ವಾದ್ಯಗಳ ಮೇಲೆ ಅಷ್ಟು ಜನ ಕುಣಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಡಾನ್ ಡ್ರಮಂಡ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ಟ್ರೊಂಬೋನಿನ ದುಃಖದ ಬಗ್ಗೆ, ಮನಸ್ಸಿನ ಕಾಯಿಲೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. 1965ರ ಹೊಸ ವರ್ಷದ ಹೊತ್ತಿಗೆ ಅವರು ತಮ್ಮ ಸಂಗಾತಿಯನ್ನು ಕೊಂದರು. ನಾಲ್ಕು ವರ್ಷದ ಮೇಲೆ ಮಾನಸಿಕ ಆಸ್ಪತ್ರೆಯಲ್ಲೇ ತೀರಿಕೊಂಡರು. ಆ ಹೆಣ್ಣುಮಗಳನ್ನು ಬಹಳ ಬರಹಗಳು ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅವರ ಹೆಸರು ಅನಿತಾ ಮಾಫೂಡ್. ಮಾರ್ಗರಿಟಾ ಅನ್ನುವ ಹೆಸರಲ್ಲಿ ಕಿಂಗ್‌ಸ್ಟನ್‌ಗೆಲ್ಲ ಗೊತ್ತಿದ್ದ ನರ್ತಕಿ. ಸ್ವಂತ ಹಾಡು ಬರೆದು ಹಾಡಿದವರು. ಬೆಟ್ಟದ ಮೇಲಿನ ಕೇರಿಯಲ್ಲಿ ಡೋಲು ಬಾರಿಸಿಕೊಂಡಿದ್ದ, ಜಮೈಕಾದ ಒಂದು ಧಾರ್ಮಿಕ ಪಂಥದವರಾದ ರಾಸ್ತಫಾರಿಗಳನ್ನು ಊರ ಮರ್ಯಾದಸ್ಥರು ಹತ್ತಿರ ಸೇರಿಸದ ಕಾಲ ಅದು. ಅಂಥ ಕಾಲದಲ್ಲಿ ಕೌಂಟ್ ಆಸಿಯ ಡೋಲಿನ ತಂಡವನ್ನು ವೇದಿಕೆಗೆ ತರಲು ನಿಂತವರಲ್ಲಿ ಅವರೂ ಒಬ್ಬರು. ಆ ಡೋಲಿನ ನಡೆ ಆಮೇಲೆ ರೆಗ್ಗೆಯ ಒಳಗೆಲ್ಲ ಇಳಿಯಿತು. ಡ್ರಮಂಡ್ ಅವರ ರಾಗ ಕೇಳಿ ನನಗೂ ಕಣ್ಣು ಒದ್ದೆಯಾಗುತ್ತದೆ. ಆದರೆ ಆ ರಾಗದ ಜೊತೆ ಮಾರ್ಗರಿಟಾ ಹೆಸರನ್ನೂ ಹೇಳುವುದು ನ್ಯಾಯ.

1966ರ ಹೊತ್ತಿಗೆ ತಾಳ ನಿಧಾನವಾಯಿತು. ರಾಕ್‌ಸ್ಟೆಡಿ ಅಂದರು. ಆ ವರ್ಷದ ಬೇಸಿಗೆ ಸೆಕೆ ಜಾಸ್ತಿ ಇತ್ತು, ಸ್ಕಾದ ವೇಗಕ್ಕೆ ಕುಣಿಯಲು ಆಗಲಿಲ್ಲ ಅಂತ ಹಳಬರು ಹೇಳುತ್ತಾರೆ. ಸೆಕೆ ಇರಬಹುದು. ಊದುವವರ ದೊಡ್ಡ ತಂಡಕ್ಕೆ ದುಡ್ಡು ಕೊಡುವುದು ಕಷ್ಟವಾಗಿತ್ತು ಅನ್ನುವುದೂ ಇದೆ. ಊದುವವರು ಕಡಿಮೆಯಾದಾಗ ಹಾಡಿನ ನಡುವೆ ಜಾಗ ಆಯಿತು. ಆ ಜಾಗಕ್ಕೆ ಬೇಸ್ ಗಿಟಾರ್ ಬಂದು ಕೂತಿತು. ಅಲ್ಲಿಂದ 1968ಕ್ಕೆ ರೆಗ್ಗೆ. ವಿದ್ವಾಂಸರು ಇದನ್ನೆಲ್ಲ ವರ್ಷ ಹಾಕಿ ಬಿಡಿಸಿ ಹೇಳುತ್ತಾರೆ. ಆ ರಾತ್ರಿ ಹಾಲಿನಲ್ಲಿ ನಿಂತಿದ್ದವನಿಗೆ ಈ ಹತ್ತು ವರ್ಷದ ಬದಲಾವಣೆ ಒಂದೇ ಇಂಟರ್ವಲ್ಲಿನ ಆಚೆ ಈಚೆ ಸಿಕ್ಕಿತು. ಮೊದಲರ್ಧದಲ್ಲಿ ಸಂಗೀತ ಎದೆಯಿಂದ ಮೇಲೆ, ಕಿವಿಗೆ, ತಲೆಗೆ. ಜನ ಮೊಣಕೈ ಆಡಿಸುತ್ತಾ ನಿಂತಲ್ಲೇ ಓಡುವವರ ಹಾಗೆ ಕುಣಿದರು. ಎರಡನೇ ಅರ್ಧದಲ್ಲಿ ಅದು ಸೊಂಟದಿಂದ ಕೆಳಗೆ ಇಳಿಯಿತು. ಬೇಸ್ ಬಂದಾಗ ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಲೋಟದ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಎದ್ದವು. ಶರಟಿನ ಬಟ್ಟೆ ಹೊಟ್ಟೆಯ ಮೇಲೆ ಅದುರಿತು. ಬೇಸ್ ಗಿಟಾರಿನ ಹೆಣ್ಣುಮಗಳು ಒಂದು ಸ್ವರ ಹಿಡಿದು ಬಿಟ್ಟರೆ, ಮುಂದಿನದು ಬರುವವರೆಗೆ ನಾವೆಲ್ಲ ಕಾಯುತ್ತಿದ್ದೆವು.

ನಮ್ಮ ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಮ್ಮ ಕುಣಿಯುತ್ತಿದ್ದರು. ಕುಣಿಯುತ್ತಿದ್ದರು ಅಂದರೆ ಪಾದ ಎತ್ತುತ್ತಲೇ ಇರಲಿಲ್ಲ. ಮಂಡಿ ಸ್ವಲ್ಪ ಮಡಚಿ, ಮೈಯ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲಗೆ ದಾಟಿಸುತ್ತಿದ್ದರು, ಅಷ್ಟೇ. ಕೈ ಎರಡೂ ಸೊಂಟದ ಹತ್ತಿರ. ನನ್ನ ಗೆಳೆಯ ಎಗರಾಡುವುದನ್ನು ನೋಡಿ ಅವನ ಭುಜದ ಮೇಲೆ ಕೈಯಿಟ್ಟು ಕೆಳಗೆ ಒತ್ತಿದರು. ಮೇಲೆ ಹಾರಬೇಡಪ್ಪಾ, ನೆಲದ ಕಡೆ ಹೋಗು ಅಂದರು. ಇಂಟರ್ವಲ್‌ನಲ್ಲೇ ಅವರ ಪರಿಚಯ ಆಗಿತ್ತು. ಜಮೈಕಾದಿಂದ ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದವರು. ಆಗಿನ ಕಾಲಕ್ಕೆ ಇಲ್ಲಿನ ಎಷ್ಟೋ ಪಬ್ಬು, ಕ್ಲಬ್ಬುಗಳಲ್ಲಿ ಕರಿಯರನ್ನು ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಅವರು ಮನೆಯ ನೆಲಮಾಳಿಗೆಯಲ್ಲಿ, ಖಾಲಿ ರೂಮುಗಳಲ್ಲಿ ಶನಿವಾರದ ರಾತ್ರಿ ಕುಣಿತ ಇಟ್ಟುಕೊಳ್ಳುತ್ತಿದ್ದರು. ಬ್ಲೂಸ್ ಪಾರ್ಟಿ ಅಂತ ಕರೆಯುತ್ತಿದ್ದರು. ಬಾಗಿಲಲ್ಲಿ ಸ್ವಲ್ಪ ದುಡ್ಡು ಕೊಟ್ಟರೆ ಒಳಗೆ ಮೇಕೆ ಸಾರು, ಅನ್ನ, ಮತ್ತು ಬೆಳಗಿನವರೆಗೂ ಹಾಡು. ನಿಲ್ಲೋಕೂ ಜಾಗ ಇಲ್ಲದಷ್ಟು ಜನ. ಪಾದ ಎತ್ತದೆ ಕುಣಿಯೋದು ಅಲ್ಲೇ ಕಲಿತದ್ದು, ಎತ್ತಿದರೆ ಮತ್ತೆ ಇಡೋಕೆ ಜಾಗ ಸಿಗ್ತಿರಲಿಲ್ಲ ಅಂತ ಹೇಳಿ ಜೋರಾಗಿ ನಕ್ಕರು.

ಆ ಹಾಲಿನಲ್ಲಿ ಅವರ ಹಾಗೆ ಜಮೈಕಾ ಮೂಲದವರಿದ್ದರು. ತಲೆ ಬೋಳಿಸಿಕೊಂಡು, ಪ್ಯಾಂಟಿಗೆ ತೆಳ್ಳನೆಯ ಸಸ್ಪೆಂಡರ್ ಪಟ್ಟಿ ಹಾಕಿದ್ದ ಅರವತ್ತರ ಬಿಳಿಯರಿದ್ದರು. ಕಪ್ಪು ಬಿಳುಪು ಚೌಕಳಿಯ ಟೈ ಕಟ್ಟಿಕೊಂಡಿದ್ದ ಪಂಜಾಬಿ ಅಂಕಲ್ ಒಬ್ಬರಿದ್ದರು, ಪ್ರತಿ ಹಾಡಿನ ಸಾಲೂ ಅವರಿಗೆ ಬಾಯಿಪಾಠ. ಆ ಚೌಕಳಿ ಕವೆಂಟ್ರಿಯದು. 1979ರಲ್ಲಿ ಜೆರಿ ಡ್ಯಾಮರ್ಸ್ ಇಲ್ಲಿ 2 ಟೋನ್ ಅಂತ ರೆಕಾರ್ಡ್ ಕಂಪನಿ ಶುರು ಮಾಡಿದರು, ಆ ಚೌಕಳಿ ಅದರ ಗುರುತು. ಅವರ ಬ್ಯಾಂಡ್ ದಿ ಸ್ಪೆಷಲ್ಸ್. ಇದೇ ಊರಿನ ದಿ ಸೆಲೆಕ್ಟರ್ ಅದರ ಜೊತೆಗೇ ಬಂತು. ಕರಿಯರೂ ಬಿಳಿಯರೂ ಒಂದೇ ಬ್ಯಾಂಡಿನಲ್ಲಿ, ಒಂದೇ ಸ್ಟೇಜಿನಲ್ಲಿ. ಇವತ್ತು ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಆಗ ನ್ಯಾಷನಲ್ ಫ್ರಂಟ್ ಅನ್ನುವ ಜನಾಂಗದ್ವೇಷಿ ಪಕ್ಷ ಬೀದಿಗಳಲ್ಲಿ ಮೆರವಣಿಗೆ ಮಾಡುತ್ತಿತ್ತು. ಅದರವರು ಈ ಬ್ಯಾಂಡುಗಳ ಕಾರ್ಯಕ್ರಮಕ್ಕೂ ನುಗ್ಗಿ ಗಲಾಟೆ ಮಾಡುತ್ತಿದ್ದರು. ಕಾರು ಕಾರ್ಖಾನೆಗಳಲ್ಲಿ ಸಾವಿರಾರು ಜನರ ಕೆಲಸ ಹೋಗುತ್ತಿತ್ತು.

ಸ್ಪೆಷಲ್ಸ್ ಬ್ಯಾಂಡಿನ ಜೊತೆ ಟ್ರೊಂಬೋನ್ ನುಡಿಸಿದವರು ರೀಕೊ ರೊಡ್ರಿಗಸ್. ಮತ್ತೆ ಆಲ್ಫಾ ಶಾಲೆಯ ಹುಡುಗ! ಅಲ್ಲಿ ಇವರಿಗೆ ಟ್ರೊಂಬೋನ್ ಹೇಳಿಕೊಟ್ಟವರಲ್ಲಿ ಡಾನ್ ಡ್ರಮಂಡ್ ಒಬ್ಬರು. 1961ರಲ್ಲಿ ಇಂಗ್ಲೆಂಡಿಗೆ ಬಂದರು. ಡ್ಯಾಂಡಿ ಲಿವಿಂಗ್‌ಸ್ಟನ್ 1967ರಲ್ಲಿ ರೂಡಿ ಅನ್ನುವ ಪೋಲಿ ಹುಡುಗನಿಗೆ ಬುದ್ಧಿ ಹೇಳುವ ಒಂದು ಹಾಡು ಮಾಡಿದಾಗ ಅದರಲ್ಲಿ ಟ್ರೊಂಬೋನ್ ರೀಕೊ ಅವರದು. 12 ವರ್ಷ ಆದ ಮೇಲೆ ಸ್ಪೆಷಲ್ಸ್ ಅದೇ ಹಾಡನ್ನು ಮತ್ತೆ ಹಾಡಿದಾಗ ಅದರಲ್ಲೂ ಟ್ರೊಂಬೋನ್ ಅವರದ್ದೇ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಹಾಡುವ ದನಿ ಬೇರೆ, ವೇಗ ಬೇರೆ. ಟ್ರೊಂಬೋನ್ ಮಾತ್ರ ಮೊದಲು ಕೂತಿದ್ದ ಜಾಗದಲ್ಲೇ ಬಂದು ಕೂರುತ್ತದೆ. ಆ ರಾತ್ರಿ ಈ ಹಾಡು ಬಂದಾಗ ಟ್ರೊಂಬೋನಿನ ಹುಡುಗ ಒಂದು ಹೆಜ್ಜೆ ಮುಂದೆ ಬಂದ. ಇಪ್ಪತ್ತೈದು ದಾಟಿರಲಿಲ್ಲ ಅನ್ನಿಸುತ್ತದೆ. ರೀಕೊ ನುಡಿಸಿದ್ದನ್ನು ಒಂದು ಸ್ವರವೂ ಬದಲಿಸದೆ ನುಡಿಸಿದ. ಜನ ಆ ಟ್ರೊಂಬೋನಿನ ಸಾಲನ್ನು ಬಾಯಲ್ಲೇ ಹಾಡಿದರು, ಪದವೇ ಇಲ್ಲದ ಸಾಲನ್ನು.

1981ರ ಏಪ್ರಿಲ್‌ನಲ್ಲಿ ಈ ಊರಿನ ಪೇಟೆಯ ನಡುಮಧ್ಯೆ, ಹಾಡುಹಗಲಲ್ಲಿ, 20 ವರ್ಷದ ಒಬ್ಬ ಸಿಖ್ ವಿದ್ಯಾರ್ಥಿಯನ್ನು ಜನಾಂಗದ್ವೇಷಿಗಳ ಗುಂಪೊಂದು ಇರಿದು ಕೊಂದಿತು. ಜೂನ್‌ನಲ್ಲಿ ಸ್ಪೆಷಲ್ಸ್ ಇಲ್ಲಿನ ಬಟ್ಸ್ ಮೈದಾನದಲ್ಲಿ ಜನಾಂಗದ್ವೇಷದ ವಿರುದ್ಧ ಸಂಗೀತ ಕಾರ್ಯಕ್ರಮ ಮಾಡಿದರು. ಆ ತಿಂಗಳೇ ಅವರ 'ಘೋಸ್ಟ್ ಟೌನ್' ಬಂತು, ಅಂಗಡಿ ಮುಚ್ಚಿದ, ಕೆಲಸವಿಲ್ಲದ ಊರಿನ ಹಾಡು. ಜುಲೈನಲ್ಲಿ ಬ್ರಿಟನ್ನಿನ ಊರೂರಲ್ಲಿ ಗಲಭೆ ಹತ್ತಿ ಉರಿಯುತ್ತಿದ್ದಾಗ ಅಲ್ಲಿ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯಲ್ಲಿ ಅದೇ ಮೊದಲನೆಯದು. ಈಗ ಆ ಪೇಟೆಯಲ್ಲಿ ನಾನು ವಾರಕ್ಕೊಮ್ಮೆ ತರಕಾರಿ ತರುತ್ತೇನೆ. ಯಾರೂ ನನ್ನನ್ನು ತಿರುಗಿ ನೋಡುವುದಿಲ್ಲ. ಇಷ್ಟು ನಿರಾಳವಾಗಿ ಓಡಾಡುವುದಕ್ಕೆ ಯಾರು ಯಾರು ಪೆಟ್ಟು ತಿಂದಿದ್ದಾರೆ, ಯಾರು ಯಾರು ಸ್ಟೇಜ್ ಹತ್ತಿ ನಿಂತಿದ್ದಾರೆ ಅನ್ನುವುದು ನಮ್ಮ ಕಡೆಯಿಂದ ಹೊಸದಾಗಿ ಬರುವ ಹುಡುಗರಿಗೆ ಗೊತ್ತಿರಬೇಕು. ಆ ಪಂಜಾಬಿ ಅಂಕಲ್‌ಗೆ ಅಷ್ಟೂ ಹಾಡು ಬಾಯಿಪಾಠ ಯಾಕೆ ಅಂತ ನಾನು ಕೇಳಲಿಲ್ಲ. ಅವರ ವಯಸ್ಸು ಲೆಕ್ಕ ಹಾಕಿದೆ, ಸಾಕಾಯಿತು.

ಕೊನೆಯ ಹಾಡಿಗೆ ಬ್ಯಾಂಡ್ ಒಂದು ಕೆಲಸ ಮಾಡಿತು. ಹಾಡುಗಾರ್ತಿ ಎರಡು ಚರಣ ಹಾಡಿ ಪಕ್ಕಕ್ಕೆ ಸರಿದು ನಿಂತರು. ಊದುವವರೂ ವಾದ್ಯ ಇಳಿಸಿದರು. ಹಾಲಿನ ಹಿಂದುಗಡೆ, ಒಂದೊಂದು ವಾದ್ಯದ ಸದ್ದನ್ನೂ ಹೆಚ್ಚು ಕಡಿಮೆ ಮಾಡುವ ಮಿಕ್ಸರ್ ಮುಂದೆ ಕೂತಿದ್ದ ಹುಡುಗಿ ಈಗ ಕೆಲಸ ಶುರು ಮಾಡಿದಳು. ಗಿಟಾರಿನ ಒಂದು ಚಕ್ ಹಿಡಿದು ಅದನ್ನು ಹತ್ತು ಸಲ ಮಾರ್ದನಿಸುವ ಹಾಗೆ ಬಿಟ್ಟಳು. ಬೇಸ್ ತೆಗೆದಳು. ಹಾಲೆಲ್ಲ ಒಮ್ಮೆಗೆ ಹಗುರ. ಬರೀ ಹೈಹ್ಯಾಟ್ ತಾಳದ ಚಿಟಿಚಿಟಿ. ಜನ ಕೂಗಿದರು. ಇನ್ನೂ ಕೊಡಲಿಲ್ಲ. ಮತ್ತೆ ಕೂಗಿದರು. ಆಗ ಬೇಸ್ ವಾಪಸ್ ಬಂತು ನೋಡಿ, ನೆಲದಿಂದಲೇ ಬಂತು.

ಇದು ಡಬ್. ಕಿಂಗ್ ಟಬ್ಬಿ ಅಂತ ಕಿಂಗ್‌ಸ್ಟನ್ನಿನಲ್ಲಿ ಒಬ್ಬರಿದ್ದರು, ನಿಜವಾದ ಹೆಸರು ಆಸ್ಬರ್ನ್ ರಡ್ಡಾಕ್. ರೇಡಿಯೊ ರಿಪೇರಿ, ಟ್ರಾನ್ಸ್‌ಫಾರ್ಮರ್ ಸುತ್ತುವುದು ಅವರ ಕೆಲಸ. ಸೌಂಡ್ ಸಿಸ್ಟಮ್ ಕೂಡ ಇತ್ತು. 60ರ ದಶಕದ ಕೊನೆಯಲ್ಲಿ, ಹಾಡಿನಿಂದ ದನಿ ತೆಗೆದು ಬರೀ ವಾದ್ಯ ಉಳಿಸಿದ ರೆಕಾರ್ಡನ್ನು ಕುಣಿತದ ಅಂಗಳದಲ್ಲಿ ಹಾಕಿದರೆ ಜನ ಹುಚ್ಚೆದ್ದು ತಾವೇ ಹಾಡುತ್ತಾರೆ ಅನ್ನುವುದು ಅಲ್ಲಿನವರಿಗೆ ಗೊತ್ತಾಗಿತ್ತು. ಆಮೇಲೆ ರೆಕಾರ್ಡಿನ ಹಿಂಬದಿಯಲ್ಲಿ ಅಂಥದೊಂದು ವರ್ಷನ್ ಇರುವುದೇ ರೂಢಿಯಾಯಿತು. ಟಬ್ಬಿ ಇದನ್ನು ಎಲ್ಲೋ ಒಯ್ದರು. ತಮ್ಮ ಪುಟ್ಟ ಕೋಣೆಯಲ್ಲಿ ಕೂತು, ಬೇರೆಯವರು ನುಡಿಸಿಟ್ಟ ಹಾಡಿನಿಂದ ಒಂದೊಂದೇ ತೆಗೆಯುತ್ತಾ ಹೋದರು. ಏನನ್ನು ತೆಗೆದರೆ ಏನು ಕೇಳಿಸುತ್ತದೆ ಅಂತ. ಮಿಕ್ಸರನ್ನೂ ಒಂದು ವಾದ್ಯದ ಹಾಗೆ ನುಡಿಸಿದವರು ಅವರು. ಇವತ್ತು ಲೋಕದ ತುಂಬಾ ಕೇಳುವ ರೀಮಿಕ್ಸುಗಳ ಹಿಂದೆ ಆ ಕೋಣೆ ಇದೆ. ಅಂಗಳದಲ್ಲಿ ಆ ವರ್ಷನ್‌ಗಳ ಮೇಲೆ ಮೈಕ್ ಹಿಡಿದು ಮಾತಾಡುತ್ತಿದ್ದವರ ರೂಢಿ ಅಮೆರಿಕಕ್ಕೆ ಹೋದದ್ದು, ಅಲ್ಲಿ ಹಿಪ್‌ಹಾಪ್‌ಗೆ ದಾರಿಯಾದದ್ದು ಇನ್ನೊಂದು ದೊಡ್ಡ ಕತೆ.

ಮೂರು ದಶಕದ ಜಮೈಕಾ ಸಂಗೀತ ಒಂದೇ ದಾರಿ ಹಿಡಿದಿದೆ ಅಂತ ನನಗೆ ಅನ್ನಿಸಿದ್ದು ಆ ಡಬ್ ಕೇಳುವಾಗಲೇ. ಸ್ಕಾದಲ್ಲಿ ಗಿಟಾರಿನವರು ಉದ್ದ ಸ್ವರ ಬಿಟ್ಟರು. ರಾಕ್‌ಸ್ಟೆಡಿಯಲ್ಲಿ ವೇಗ ಬಿಟ್ಟರು. ರೆಗ್ಗೆಯಲ್ಲಿ ಒಂದನೇ ಪೆಟ್ಟು ಬಿಟ್ಟರು. ಡಬ್‌ನಲ್ಲಿ ಹಾಡನ್ನೇ ಬಿಟ್ಟರು. ಬಿಟ್ಟಷ್ಟೂ ಕುಣಿಯುವವರಿಗೆ ಜಾಗ ಜಾಸ್ತಿಯಾಯಿತು.

ಭಾರತದಲ್ಲೂ ಇದನ್ನು ಹಚ್ಚಿಕೊಂಡವರಿದ್ದಾರೆ. ದೆಹಲಿಯಲ್ಲಿ ಸ್ಕಾ ವೆಂಜರ್ಸ್ ಅನ್ನುವ ಬ್ಯಾಂಡ್, ರೆಗ್ಗೆ ರಾಜಾಸ್ ಅನ್ನುವ ತಂಡ. ಗೋವಾದಲ್ಲಿ ರೆಗ್ಗೆಗೆಂದೇ ಸನ್‌ಸ್ಪ್ಲಾಶ್ ಹಬ್ಬ ನಡೆದಿದೆ, ಕಾರವಾರದಿಂದ ಎಷ್ಟು ದೂರ ಹೇಳಿ. ಅಂಥದ್ದು ಎಲ್ಲಾದರೂ ನಡೆದರೆ ಖಂಡಿತ ಹೋಗಿ. ಸ್ಪೀಕರಿಗೆ ತೀರಾ ಹತ್ತಿರ ನಿಲ್ಲಬೇಡಿ, ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಿ, ಹಾಲಿನ ನಡುಮಧ್ಯೆ ನಿಲ್ಲಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಇದನ್ನು ಕೇಳಿ ಚೆನ್ನಾಗಿಲ್ಲ ಅನ್ನಬೇಡಿ. ಬೇಸೇ ಕೇಳಿಸದ ಮೇಲೆ ಅರ್ಧ ಹಾಡೂ ಕೇಳಿದಂತಾಗಲಿಲ್ಲ.

ಧಾರವಾಡದ ಗೆಳೆಯ ಈಗ ಮನೆಯಲ್ಲಿ ತಬಲಾ ಮುಂದೆ ಕೂತು ವನ್ ಡ್ರಾಪ್ ಹಿಡಿಯೋಕೆ ನೋಡುತ್ತಿದ್ದಾನೆ. ಇಲ್ಲಿನ ಕನ್ನಡದವರು ಸೇರಿ ಮಾಡುವ ರಾಜ್ಯೋತ್ಸವದಲ್ಲಿ ಒಂದು ದಾಸರ ಪದವನ್ನು ಈ ನಡೆಗೆ ಕೂರಿಸಬೇಕು ಅನ್ನುವುದು ಅವನ ಆಸೆ. ಪದ ಒಗ್ಗುತ್ತದೆ, ಹಾಡುವ ಹುಡುಗಿಯೂ ಸಿಕ್ಕಿದ್ದಾಳೆ. ಇವನ ಬಲಗೈ ಮಾತ್ರ ಕೇಳುತ್ತಿಲ್ಲ. ಒಂದು ಬಂತು ಅಂದರೆ ಸಾಕು, ಧಾ ಅಂತ ಬಿದ್ದೇಬಿಡುತ್ತದೆ. ಮೊನ್ನೆ ಫೋನಿನಲ್ಲಿ ಬಾಯಲ್ಲೇ ಬೋಲ್ ಹೇಳಿ ತೋರಿಸಿದ. ಒಂದಕ್ಕೆ ಉಸಿರು ಒಳಗೆ ಎಳೆದುಕೊಂಡರೆ ಕೈ ತಡೆಯುತ್ತದಂತೆ. ನಾನು ಇಲ್ಲಿಂದ ಎರಡಕ್ಕೂ ನಾಲ್ಕಕ್ಕೂ ಚಿಟಿಕೆ ಹಾಕಿದೆ. ಎಂಟು ಆವರ್ತ ಸರಿಯಾಗಿ ಬಂತು. ಒಂಬತ್ತನೆಯದಕ್ಕೆ ಮತ್ತೆ ಧಾ ಬಿತ್ತು.

"ತಡಿ ತಡಿ, ಮತ್ತ ಹಿಡಿ," ಅಂದ.